ಸುರಂಗದ ನೀರು, ರಾತ್ರಿಯ ಪಾಠ

ಮಂಗಳೂರಿನ ಕಡೆಗೆ ಹೋಗುವ ಬೆಳಗ್ಗಿನ ರೈಲಿಗಾಗಿ ಕುಂಬಳೆ, ಉಪ್ಪಳ, ಮಂಜೇಶ್ವರದ ನಿಲ್ದಾಣಗಳಲ್ಲಿ ಕಾಯುವವರಲ್ಲಿ ಎರಡು ಬಗೆಯ ವಿದ್ಯಾರ್ಥಿಗಳಿರುತ್ತಾರೆ. ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡ ಕಾಲೇಜಿನ ಮಕ್ಕಳನ್ನು ಯಾರಾದರೂ ಗುರುತಿಸಬಲ್ಲರು. ಇನ್ನೊಂದು ಬಗೆಯವರನ್ನು ಗುರುತಿಸುವುದು ಸುಲಭವಲ್ಲ. ಅವರ ಕೈಯಲ್ಲಿ ಬುತ್ತಿಯ ಚೀಲವಿರುತ್ತದೆ, ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ಇರುತ್ತದೆ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ. ರೈಲಿನಲ್ಲಿ ಕಿಟಕಿಯ ಬಳಿ ಜಾಗ ಸಿಕ್ಕಿತೆಂದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮೊಬೈಲನ್ನು ನೋಡತೊಡಗುತ್ತಾರೆ. ಪಕ್ಕದವರು ಅದನ್ನು ಸಿನಿಮಾ ಎಂದು ತಿಳಿಯುತ್ತಾರೆ. ಅದು ಪಾಠವಾಗಿರುತ್ತದೆ.

ಅಂಥ ಒಬ್ಬಾಕೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ವಯಸ್ಸು ಮೂವತ್ತನಾಲ್ಕು. ಹತ್ತನೆಯ ತರಗತಿಯವರೆಗೆ ಕಲಿತದ್ದು ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ. ಆಮೇಲೆ ಬಿ.ಕಾಂ. ಮುಗಿಸಿ ಮಂಗಳೂರಿನ ಒಂದು ಸಂಸ್ಥೆಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದವರು. ಮನೆ ಗುಡ್ಡದ ಬದಿಯಲ್ಲಿದೆ. ಹಿಂದೆ ಮುರಕಲ್ಲಿನ ಗುಡ್ಡವನ್ನು ಕೊರೆದ ಹಳೆಯ ಸುರಂಗ, ಮುಂದೆ ಅಡಿಕೆ ತೋಟ. ಮಗಳು ತಾಯಿ ಕಲಿತ ಶಾಲೆಯಲ್ಲೇ ನಾಲ್ಕನೆಯ ತರಗತಿಯಲ್ಲಿದ್ದಾಳೆ. ಈ ತಾಯಿ ಪರಿಸರ ನಿರ್ವಹಣೆಯ ಸ್ನಾತಕೋತ್ತರ ಪದವಿಗೆ ಆನ್‌ಲೈನ್ ಮೂಲಕ ಹೆಸರು ನೋಂದಾಯಿಸಿದ ದಿನ, ಚಾವಡಿಯಲ್ಲಿ ವೀಳ್ಯ ಮೆಲ್ಲುತ್ತಿದ್ದ ಮಾವ ಕೇಳಿದರು: "ಪರಿಸರವನ್ನು ಮೊಬೈಲಿನಲ್ಲಿ ಓದಿ ಎಂತ ಮಾಡುದು ಮಗಳೇ? ಅದು ಹೊರಗೆ ಇದೆಯಲ್ಲ?"

ಮಾವನ ಮಾತಿನಲ್ಲಿ ಕುಹಕವಿರಲಿಲ್ಲ. ಅನೇಕ ಮನೆಗಳಲ್ಲಿ ಬಾಯಿಬಿಟ್ಟು ಕೇಳದೆ ಉಳಿದಿರುವ ಪ್ರಶ್ನೆ ಅದು. ಅದರ ಬೆನ್ನಿಗೆ ಬೇರೆ ಪ್ರಶ್ನೆಗಳೂ ಇವೆ. ಆನ್‌ಲೈನ್ ಪದವಿಗೆ ಬೆಲೆಯಿದೆಯೇ? ದಿನವಿಡೀ ದುಡಿದು ಬಂದವರು ಓದಿ ಮುಗಿಸಬಲ್ಲರೇ? ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಇಂಗ್ಲಿಷಿನ ಈ ಪಾಠ ದಕ್ಕುತ್ತದೆಯೇ? ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಿರುವ ತಂದೆತಾಯಂದಿರಿಗೆ ಕೊನೆಯ ಪ್ರಶ್ನೆ ಬಹಳ ಹತ್ತಿರದ್ದು. ಇಂದು ತಾಯಿಯ ವಿಷಯದಲ್ಲಿ ಕೇಳುವುದನ್ನು ಹತ್ತು ವರ್ಷಗಳ ಅನಂತರ ಮಗಳ ವಿಷಯದಲ್ಲಿ ಕೇಳಬೇಕಾಗುತ್ತದೆ.

ಮೊದಲು ವಿಷಯವೇನೆಂದು ತಿಳಿಯಬೇಕು. ಪರಿಸರ ವಿಜ್ಞಾನ ಮತ್ತು ಪರಿಸರ ನಿರ್ವಹಣೆ ಅಕ್ಕತಂಗಿಯರಿದ್ದಂತೆ, ಒಂದೇ ಅಲ್ಲ. ನೀರಿನಲ್ಲಿ ಏನು ಕರಗಿದೆ, ಮಣ್ಣು ಏಕೆ ಹುಳಿಯಾಯಿತು, ಗಾಳಿಯಲ್ಲಿ ಧೂಳಿನ ಪ್ರಮಾಣವೆಷ್ಟು ಎಂದು ಪರೀಕ್ಷಿಸುವುದು ವಿಜ್ಞಾನದ ಕೆಲಸ. ಆ ಪರೀಕ್ಷೆಯ ಫಲವನ್ನು ಮುಂದಿಟ್ಟುಕೊಂಡು ಒಂದು ಕಾರ್ಖಾನೆ, ಒಂದು ಪಂಚಾಯತು, ಒಂದು ತೋಟ ಹೇಗೆ ನಡೆದುಕೊಳ್ಳಬೇಕು, ಯಾವ ಕಾನೂನಿಗೆ ಒಳಪಡಬೇಕು, ಖರ್ಚೆಷ್ಟು, ಹೊಣೆ ಯಾರದು ಎಂದು ನಿರ್ಧರಿಸುವುದು ನಿರ್ವಹಣೆಯ ಕೆಲಸ. 1974ರ ಜಲ ಕಾಯಿದೆ, 1981ರ ವಾಯು ಕಾಯಿದೆ, 1986ರ ಪರಿಸರ ಸಂರಕ್ಷಣಾ ಕಾಯಿದೆ, 2002ರ ಜೀವವೈವಿಧ್ಯ ಕಾಯಿದೆ, 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆ ಇವೆಲ್ಲ ಅದರ ಪಠ್ಯದಲ್ಲಿ ಬರುತ್ತವೆ. ಸಂಸ್ಥೆಗಳ ಪರಿಸರ ನಿರ್ವಹಣೆಗೆ ಲೋಕವೆಲ್ಲ ಒಪ್ಪಿರುವ ಐಎಸ್‌ಒ 14001 ಎಂಬ ಮಾನದಂಡ 1996ರಲ್ಲಿ ಮೊದಲು ಪ್ರಕಟವಾಗಿ 2004 ಮತ್ತು 2015ರಲ್ಲಿ ಪರಿಷ್ಕೃತವಾಯಿತು. ಯೋಜಿಸು, ಮಾಡು, ಪರಿಶೀಲಿಸು, ತಿದ್ದು ಎಂಬ ನಾಲ್ಕು ಹೆಜ್ಜೆಗಳು ಅದರ ತಿರುಳು. ಲೆಕ್ಕಪತ್ರ ಬಲ್ಲವರಿಗೆ ಈ ಕ್ರಮ ಅಪರಿಚಿತವಲ್ಲ. ಜಮೆ, ಖರ್ಚು, ಶಿಲ್ಕುಗಳ ಶಿಸ್ತನ್ನು ನೀರಿಗೂ ಕಸಕ್ಕೂ ಅನ್ವಯಿಸಿದಂತಿದೆ.

ಗಡಿನಾಡಿನಲ್ಲಿ ಈ ವಿದ್ಯೆಯ ಅಗತ್ಯ ಎಷ್ಟೆಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. ಟೀ ಸೊಳ್ಳೆಯ ಬಾಧೆಯನ್ನು ತಡೆಯಲು ಕಾಸರಗೋಡಿನ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಹಳ್ಳಗಳೂ ತೆರೆದ ಬಾವಿಗಳೂ ಸುರಂಗಗಳೂ ಮನೆಗಳೂ ಆ ತೋಟಗಳ ನಡುವೆಯೇ ಇದ್ದವು. ಎಣ್ಮಕಜೆಯ ಪಡ್ರೆ ಪರಿಸರದಲ್ಲಿ ಏನೋ ಸರಿಯಿಲ್ಲವೆಂದು ಮೊದಮೊದಲು ಗಮನಿಸಿ ಬರೆದವರಲ್ಲಿ ಪತ್ರಕರ್ತ ಶ್ರೀ ಪಡ್ರೆ ಒಬ್ಬರು. ಅಲ್ಲಿಯೇ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಅಸಹಜವಾದ ಸಾಮ್ಯವನ್ನು ಕಂಡರು. ಪೆರಿಯದ ಕೃಷಿ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲೇರಿ ಸಿಂಪಡಣೆಗೆ ತಡೆಯಾಜ್ಞೆ ತಂದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಎಂಡೋಸಲ್ಫಾನನ್ನು ತೊಡೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ಮಧ್ಯಂತರ ಆದೇಶದಿಂದ ನಿಷೇಧಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂಬ ಆದೇಶ ಹೊರಬಿದ್ದದ್ದು 2017ರ ಜನವರಿಯಲ್ಲಿ.

ಈ ಇತಿಹಾಸವನ್ನು ಇಲ್ಲಿನ ಮನೆಮನೆಯೂ ಬಲ್ಲದು. ಕಲಿಕೆಯ ದೃಷ್ಟಿಯಿಂದ ಅದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೊದಲು ಕಂಡವರೆಲ್ಲ ಇದೇ ಮಣ್ಣಿನಲ್ಲಿ ಬದುಕುತ್ತಿದ್ದವರು. ತಮ್ಮ ತಮ್ಮ ಉದ್ಯೋಗದ ನಡುವೆಯೇ ಕಂಡವರು. ಆದರೆ ಇಂಥ ವಿವಾದ ನ್ಯಾಯಾಲಯಕ್ಕೋ ತಜ್ಞರ ಸಮಿತಿಗೋ ಹೋದಾಗ ಎದುರಾಗುವ ಪ್ರಶ್ನೆಗಳು ಬೇರೆ: ಮೊದಲು ಹೇಗಿತ್ತು? ಯಾವಾಗ ಬದಲಾಯಿತು? ಎಷ್ಟು ಬದಲಾಯಿತು? ಬರೆದಿಟ್ಟವರು ಯಾರು? ಕಂಡದ್ದನ್ನು ಅಳೆದು, ತಾರೀಕು ಹಾಕಿ, ಇನ್ನೊಬ್ಬರು ಪರಿಶೀಲಿಸಬಹುದಾದ ರೀತಿಯಲ್ಲಿ ಬರೆದಿಡುವುದು ಒಂದು ವಿದ್ಯೆ. ಪರಿಸರ ನಿರ್ವಹಣೆಯ ಪದವಿ ಕಲಿಸುವ ವಿದ್ಯೆಗಳಲ್ಲಿ ಮುಖ್ಯವಾದುದು ಅದೇ. ಪರಿಸರ ಹೊರಗೆ ಇದೆಯೆಂಬ ಮಾವನ ಮಾತು ನಿಜ. ಹೊರಗಿರುವುದನ್ನು ದಾಖಲೆಗೆ ತರುವ ಕ್ರಮವನ್ನು ಮಾತ್ರ ಕುಳಿತು ಕಲಿಯಬೇಕಾಗುತ್ತದೆ.

ಇನ್ನು ಪದವಿಯ ಬೆಲೆಯ ಮಾತು. ಮುಕ್ತ ಹಾಗೂ ದೂರಶಿಕ್ಷಣ ಮತ್ತು ಆನ್‌ಲೈನ್ ಕಾರ್ಯಕ್ರಮಗಳ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2020ರಲ್ಲಿ ನಿಯಮಾವಳಿ ಹೊರಡಿಸಿತು. ಮಾನ್ಯತೆ ಪಡೆದ ಸಂಸ್ಥೆ ಈ ಮಾರ್ಗಗಳಲ್ಲಿ ಕೊಡುವ ಪದವಿ ಕಾಲೇಜಿಗೆ ಹೋಗಿ ಪಡೆದ ಅದೇ ಮಟ್ಟದ ಪದವಿಗೆ ಸಮಾನವೆಂದು 2022ರ ಸೆಪ್ಟೆಂಬರಿನಲ್ಲಿ ಆಯೋಗ ಸ್ಪಷ್ಟಪಡಿಸಿತು. ಹಾಗಾಗಿ ಆನ್‌ಲೈನ್ ಎಂಬ ಕಾರಣಕ್ಕೇ ಪದವಿ ಕೀಳಾಗುವುದಿಲ್ಲ. ಮಾನ್ಯತೆ ಇಲ್ಲದ ಕಾರ್ಯಕ್ರಮಕ್ಕೆ ಹಣ ಕಟ್ಟಿದರೆ ಮಾತ್ರ ಎರಡು ವರ್ಷದ ನಿದ್ದೆಗೆಟ್ಟ ರಾತ್ರಿಗಳು ವ್ಯರ್ಥವಾಗುತ್ತವೆ. ಸಂಸ್ಥೆಯ ಹೆಸರು ಪಟ್ಟಿಯಲ್ಲಿದ್ದರೆ ಸಾಲದು; ಸೇರಬೇಕೆಂದಿರುವ ಕಾರ್ಯಕ್ರಮದ ಹೆಸರೂ ಸೇರುವ ವರ್ಷವೂ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಇರಬೇಕು. 2024–25ನೇ ಸಾಲಿನಿಂದ ಪ್ರತಿ ವಿದ್ಯಾರ್ಥಿಯೂ ಆ ವಿಭಾಗದ ಜಾಲತಾಣದಲ್ಲಿ ತನ್ನದೇ ಗುರುತಿನ ಸಂಖ್ಯೆಯನ್ನು ಮಾಡಿಕೊಳ್ಳಬೇಕಾಗಿದೆ. ಪ್ರವೇಶ ಶುಲ್ಕ ಕಟ್ಟುವ ಮೊದಲು ಅರ್ಧ ಗಂಟೆ ಕುಳಿತು ಇದನ್ನು ಪರಿಶೀಲಿಸುವುದು ಓದಿನ ಮೊದಲ ಪಾಠ. ದೂರವಾಣಿಯಲ್ಲಿ ಮೇಲಿಂದ ಮೇಲೆ ಕರೆದು "ಇಂದೇ ಕೊನೆಯ ದಿನ" ಎಂದು ಅವಸರಿಸುವವರ ಮಾತನ್ನು ನಂಬಿ ಹಣ ಕಟ್ಟಬಾರದು.

ಗಡಿಯಾಚೆಯ ಕನ್ನಡಿಗರು ತಿಳಿದಿರಬೇಕಾದ ಒಂದು ಭೇದವೂ ಇಲ್ಲಿದೆ. ದೂರಶಿಕ್ಷಣ ಬೇರೆ, ಆನ್‌ಲೈನ್ ಬೇರೆ. ರಾಜ್ಯ ವಿಶ್ವವಿದ್ಯಾಲಯಗಳು ನಡೆಸುವ ದೂರಶಿಕ್ಷಣಕ್ಕೆ ಆಯಾ ರಾಜ್ಯದ ಎಲ್ಲೆಯಿದೆ. ಆನ್‌ಲೈನ್ ಕಾರ್ಯಕ್ರಮಕ್ಕೆ ಅಂಥ ಎಲ್ಲೆಯಿಲ್ಲ. ಮೈಸೂರಿನದಾಗಲಿ ಕೊಲ್ಲಂನದಾಗಲಿ, ಮನ್ನಣೆಯುಳ್ಳ ಆನ್‌ಲೈನ್ ಪಾಠವನ್ನು ಪೆರ್ಲದಲ್ಲಿ ಕುಳಿತೂ ಕಲಿಯಬಹುದು. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಕೇಂದ್ರ ಸರಕಾರದ್ದಾದುದರಿಂದ ಅದರ ದೂರಶಿಕ್ಷಣ ದೇಶವನ್ನೆಲ್ಲ ವ್ಯಾಪಿಸಿದೆ. ಪರಿಸರ ಅಧ್ಯಯನದ ಎಂ.ಎ., ಪರಿಸರ ಮತ್ತು ಸುಸ್ಥಿರ ಅಭಿವೃದ್ಧಿಯ ಸ್ನಾತಕೋತ್ತರ ಡಿಪ್ಲೊಮಾದಂಥ ಕಾರ್ಯಕ್ರಮಗಳಿಗೆ ಅಲ್ಲಿ ಯಾವುದೇ ವಿಷಯದ ಪದವೀಧರರೂ ಸೇರಬಹುದು. ಅದರ ಪಠ್ಯಗಳು ಇ-ಜ್ಞಾನಕೋಶ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪ್ರಯೋಗಾಲಯವಿಲ್ಲದೆ ನಡೆಯದ ಎಂ.ಎಸ್ಸಿ. ತರಹದ ಕಲಿಕೆಗೆ ವಿಜ್ಞಾನದ ಹಿನ್ನೆಲೆ ಬೇಕಾಗುತ್ತದೆ, ಕೆಲವು ದಿನ ಖುದ್ದಾಗಿ ಹಾಜರಾಗಬೇಕಾಗುತ್ತದೆ. ಬಿ.ಕಾಂ. ಓದಿದವರಿಗೆ ನಿರ್ವಹಣೆಯ ದಾರಿ ಹೆಚ್ಚು ಹೊಂದುತ್ತದೆ. ದಕ್ಕುತ್ತದೋ ಇಲ್ಲವೋ ಎಂಬ ಅಳುಕುಳ್ಳವರು ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ಸ್ವಯಂ ವೇದಿಕೆಯಲ್ಲಿ ಪರಿಸರ ಸಂಬಂಧದ ಒಂದು ಪಾಠವನ್ನು ಮೊದಲು ಓದಿ ನೋಡಬಹುದು. ಅಲ್ಲಿ ಕಲಿಕೆಗೆ ಶುಲ್ಕವಿಲ್ಲ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಹಣ ಕಟ್ಟಬೇಕು.

ಕಠಿಣವಾದುದು ಸಮಯದ ಲೆಕ್ಕ. ಮುಕ್ತ ಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕಲಿಕೆ. 80 ಕ್ರೆಡಿಟಿನ ಸ್ನಾತಕೋತ್ತರ ಪದವಿಗೆ 2400 ಗಂಟೆ ಬೇಕು. ಎರಡೇ ವರ್ಷದಲ್ಲಿ ಮುಗಿಸಬೇಕೆಂದರೆ ವಾರಕ್ಕೆ 23 ಗಂಟೆ. ಬೆಳಗ್ಗೆ ಏಳಕ್ಕೆ ಮನೆಬಿಟ್ಟು ಸಂಜೆ ಏಳಕ್ಕೆ ಹಿಂದಿರುಗುವವರಿಗೆ ಇದು ದಿನಕ್ಕೆ ಮೂರು ಗಂಟೆಗೂ ಮೀರಿದ ಹೊರೆ, ಭಾನುವಾರವೂ ಬಿಡುವಿಲ್ಲ. ಆದರೆ ಎರಡು ವರ್ಷದ ಪದವಿಯನ್ನು ನಾಲ್ಕು ವರ್ಷಗಳಲ್ಲಿ ಮುಗಿಸುವ ಅವಕಾಶ ಮುಕ್ತ ವಿಶ್ವವಿದ್ಯಾಲಯಗಳಲ್ಲಿದೆ. ಆಗ ವಾರಕ್ಕೆ ಹನ್ನೊಂದೂವರೆ ಗಂಟೆ ಸಾಕು. ರೈಲಿನಲ್ಲಿ ಹೋಗಿಬರುವಾಗ ದಿನಕ್ಕೆ ಒಂದು ಗಂಟೆಯಂತೆ ಆರು ಗಂಟೆ, ವಾರದಲ್ಲಿ ಮೂರು ರಾತ್ರಿ ಒಂದೊಂದು ಗಂಟೆ, ಭಾನುವಾರ ಎರಡೂವರೆ ಗಂಟೆ, ಲೆಕ್ಕ ಕೂಡುತ್ತದೆ. ನಿಧಾನವಾಗಿ ಓದುವುದು ಅವಮಾನವಲ್ಲ. ದುಡಿಯುವವರಿಗಾಗಿಯೇ ಇಟ್ಟಿರುವ ಅವಕಾಶ ಅದು. ಉತ್ಸಾಹದಿಂದ ಎಲ್ಲ ಪಾಠಗಳನ್ನೂ ಮೊದಲ ವರ್ಷವೇ ಹೊತ್ತುಕೊಂಡು ಮೊದಲ ಪರೀಕ್ಷೆಗೆ ಮುನ್ನವೇ ಕೈಚೆಲ್ಲುವುದಕ್ಕಿಂತ ಅದು ಮೇಲು.

ಲೆಕ್ಕದ ಪುಸ್ತಕದಲ್ಲಿ ಕೂಡಿದ ಗಂಟೆಗಳು ಮನೆಯಲ್ಲಿ ಸುಲಭವಾಗಿ ಕೂಡುವುದಿಲ್ಲ. ಮಗುವಿಗೆ ಜ್ವರ ಬರುತ್ತದೆ. ಕಚೇರಿಯಲ್ಲಿ ಮಾರ್ಚ್ ತಿಂಗಳ ಲೆಕ್ಕ ಮುಗಿಯುವುದಿಲ್ಲ. ಅಡಿಕೆ ಕೊಯ್ಲಿನ ದಿನ ಮನೆಯಲ್ಲಿ ಹತ್ತು ಮಂದಿಗೆ ಊಟವಾಗಬೇಕು. ಮುಕ್ತ ವಿಶ್ವವಿದ್ಯಾಲಯದ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ ಬರುತ್ತವೆ. ಜೂನ್ ಎಂದರೆ ಶಾಲೆ ತೆರೆಯುವ ತಿಂಗಳು. ಮಳೆಗಾಳಿಗೆ ಮರ ಬಿದ್ದು ಕರೆಂಟು ಹೋಗುವ, ಅದರೊಂದಿಗೆ ನೆಟ್‌ವರ್ಕ್ ಹೋಗುವ ತಿಂಗಳು. ಆದ್ದರಿಂದ ಪಾಠಗಳನ್ನು ಮಂಗಳೂರಿನಲ್ಲಿ ಸಂಪರ್ಕ ಚೆನ್ನಾಗಿರುವಾಗಲೇ ಮೊಬೈಲಿಗೆ ಇಳಿಸಿಕೊಂಡಿರಬೇಕು. ಅಂಕಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಷ್ಟು ವರ್ಷದ ನಡುವೆ ಬರೆದೊಪ್ಪಿಸುವ ಲಿಖಿತ ಕಾರ್ಯಗಳಿಗೆ, 70ರಷ್ಟು ಅಂತಿಮ ಪರೀಕ್ಷೆಗೆ. ಲಿಖಿತ ಕಾರ್ಯಕ್ಕೆ ಕೊನೆಯ ದಿನಾಂಕ ಬರುವ ಎರಡು ವಾರ ಮೊದಲೇ ಮನೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಗುರುತು ಹಾಕಿದರೆ ಅದು ಮನೆಮಂದಿಯ ದಿನಾಂಕವಾಗುತ್ತದೆ.

ಕಲ್ಪಿತ ಉದಾಹರಣೆಯ ಮನೆಯಲ್ಲಿಯೂ ಮೊದಲ ಆರು ತಿಂಗಳು ಸುಗಮವಾಗಿ ಸಾಗಲಿಲ್ಲವೆಂದೇ ಇಟ್ಟುಕೊಳ್ಳಬೇಕು. ಮೊದಲ ಲಿಖಿತ ಕಾರ್ಯವನ್ನು ರಾತ್ರಿ ಹನ್ನೊಂದಕ್ಕೆ ಬರೆಯಲು ಕುಳಿತಾಕೆ ಒಂದು ಪುಟವನ್ನೂ ದಾಟದೆ ಎದ್ದರು. ದಣಿವು ಒಂದು ಕಾರಣ, ಭಾಷೆ ಇನ್ನೊಂದು. ಪಠ್ಯವೆಲ್ಲ ಇಂಗ್ಲಿಷಿನಲ್ಲಿ. ವಾಕ್ಯ ಅರ್ಥವಾದರೂ ಮನಸ್ಸಿನಲ್ಲಿ ಚಿತ್ರ ಮೂಡುತ್ತಿರಲಿಲ್ಲ. "ಅಕ್ವಿಫರ್" ಎಂಬ ಪದ ಹತ್ತು ಸಲ ಬಂದರೂ ಅಪರಿಚಿತನಂತೆ ಬಂದು ಹೋಗುತ್ತಿತ್ತು. ಕನ್ನಡ ಮಾಧ್ಯಮದಲ್ಲಿ ಕಲಿತದ್ದೇ ತಪ್ಪಾಯಿತೇನೋ ಎಂಬ ಸಂದೇಹ ಮೂಡುವುದು ಇಂಥ ರಾತ್ರಿಗಳಲ್ಲಿಯೇ. ಆ ಸಂದೇಹ ತಾಯಿಯಲ್ಲಿ ನಿಲ್ಲುವುದಿಲ್ಲ. ಮರುವರ್ಷ ಮಗಳನ್ನು ಯಾವ ಶಾಲೆಗೆ ಹಾಕಬೇಕೆಂಬ ಮಾತಿನವರೆಗೆ ಹೋಗುತ್ತದೆ.

ಮರುದಿನ ಮಾವನೊಡನೆ ಸುರಂಗದ ಬಾಯಿಯಲ್ಲಿ ನಿಂತಾಗ ಗಂಟು ಸಡಿಲವಾಯಿತು. ಕಾಸರಗೋಡಿನ ಗುಡ್ಡಗಳಲ್ಲಿ ತಲೆತಲಾಂತರದಿಂದ ತೋಡುತ್ತ ಬಂದ ಸುರಂಗ ಒಂದು ಅಡ್ಡ ಬಾವಿ. ಮನುಷ್ಯ ನಡೆದುಹೋಗುವಷ್ಟು ಎತ್ತರ, ಅಗಲ ಕಿರಿದು. ಮುರಕಲ್ಲಿನ ಪದರವನ್ನು ಕೊರೆಯುತ್ತ ಒಳಗೆ ಹೋದಂತೆ ಗುಡ್ಡ ಹೀರಿಕೊಂಡ ಮಳೆನೀರು ಒಸರುತ್ತ ಬಂದು, ಪಂಪು ಕರೆಂಟುಗಳ ಹಂಗಿಲ್ಲದೆ ತಾನಾಗಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ. ಎಲ್ಲಿ ತೋಡಿದರೆ ಒಸರು ಸಿಗುತ್ತದೆ, ಯಾವ ಪದರ ನೀರು ಹಿಡಿದಿಡುತ್ತದೆ, ಯಾವುದು ಬಿಟ್ಟುಕೊಡುತ್ತದೆ ಎಂದು ಮಾವ ವಿವರಿಸುತ್ತಿದ್ದಾಗ ಅವರು ಹೇಳುತ್ತಿರುವುದು ಅಕ್ವಿಫರಿನ ಪಾಠವೆಂದು ಸೊಸೆಗೆ ಹೊಳೆಯಿತು. ನೀರು ಹಿಡಿದಿಟ್ಟು ಬಿಟ್ಟುಕೊಡುವ ಭೂಪದರವೇ ಅಕ್ವಿಫರ್. ಅಂದಿನಿಂದ ಒಂದು ನೋಟುಬುಕ್ಕು ಆರಂಭವಾಯಿತು. ಎಡಪುಟದಲ್ಲಿ ಪಠ್ಯದ ಪದ, ಬಲಪುಟದಲ್ಲಿ ಊರಿನ ಮಾತು. ಗುಡ್ಡದ ಮೇಲೆ ಮಳೆನೀರನ್ನು ತಡೆದು ಇಂಗಿಸುವ ಮದಕ, ಮಳೆಗಾಲ ಮುಗಿದೊಡನೆ ಹೊಳೆಗೆ ಅಡ್ಡಲಾಗಿ ಊರವರೆಲ್ಲ ಸೇರಿ ಕಟ್ಟುವ ಮಣ್ಣುಕಲ್ಲಿನ ಕಟ್ಟ, ಒರತೆ, ಪಳ್ಳ ಒಂದೊಂದೂ ಪಠ್ಯದ ಒಂದೊಂದು ಅಧ್ಯಾಯದ ಪಕ್ಕಕ್ಕೆ ಬಂದು ಕುಳಿತವು. ಪದ ಇಂಗ್ಲಿಷಿನದಾದರೂ ವಸ್ತು ಮನೆಯದೇ ಆಗಿತ್ತು.

ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಉಳಿಯುವ ಕಷ್ಟವನ್ನು ಇದು ಪೂರ್ತಿ ಅಳಿಸುವುದಿಲ್ಲ. ಉತ್ತರವನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕಾಗಿ ಬಂದಾಗ ಆ ಭಾಷೆಯ ಅಭ್ಯಾಸವನ್ನು ಬೇರೆಯಾಗಿಯೇ ಮಾಡಬೇಕು. ದಿನಕ್ಕೊಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ಮೊದಲು ಕನ್ನಡದಲ್ಲಿ ಯಾರಿಗಾದರೂ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಐದು ಸರಳ ವಾಕ್ಯ ಬರೆಯುವ ರೂಢಿ ಒಳ್ಳೆಯದು. ಅರ್ಥವಾಗದೆ ಬಾಯಿಪಾಠ ಮಾಡಿದ್ದು ಲಿಖಿತ ಕಾರ್ಯದಲ್ಲಿ ಕೈಕೊಡುತ್ತದೆ. ಅರ್ಥವಾದುದನ್ನು ಸರಳ ಇಂಗ್ಲಿಷಿನಲ್ಲಿ ಬರೆದರೂ ಅಂಕ ಸಿಗುತ್ತದೆ.

ಇಂಗ್ಲಿಷಿನ ಪಾಠವನ್ನು ಕನ್ನಡಕ್ಕೆ ತರುವ ಶಕ್ತಿ ಪರೀಕ್ಷೆಯ ಆಚೆಗೂ ಬೇಕಾಗುತ್ತದೆ. 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯ ಪ್ರಕಾರ ನಿಗದಿತ ವರ್ಗದ ಗಣಿ, ಕಾರ್ಖಾನೆ, ವಿದ್ಯುತ್ ಯೋಜನೆಗಳಿಗೆ ಮುನ್ನ ಪರಿಸರದ ಮೇಲಾಗುವ ಪರಿಣಾಮದ ವರದಿ ಸಿದ್ಧವಾಗಬೇಕು, ಸ್ಥಳದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ವರದಿಯ ಸಾರಾಂಶ ಇಂಗ್ಲಿಷಿನಲ್ಲಿಯೂ ರಾಜ್ಯದ ಅಧಿಕೃತ ಅಥವಾ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಪೂರ್ಣ ವರದಿ ಮಾತ್ರ ಸಾಮಾನ್ಯವಾಗಿ ನೂರಾರು ಪುಟಗಳ ಇಂಗ್ಲಿಷ್. 2020ರಲ್ಲಿ ಈ ಅಧಿಸೂಚನೆಯ ಬದಲಿಗೆ ಹೊಸ ಕರಡು ಬಂದಾಗ ಅದು ಹಿಂದಿ, ಇಂಗ್ಲಿಷುಗಳಲ್ಲಷ್ಟೇ ಇದ್ದರೆ ಸಾಲದು, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದವಾಗಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಜೂನ್ 30ರಂದು ಆದೇಶಿಸಿತು. ಜನರಿಗೆ ತಿಳಿಯದ ಭಾಷೆಯಲ್ಲಿ ಜನರ ಅಭಿಪ್ರಾಯ ಕೇಳುವುದರಲ್ಲಿ ಅರ್ಥವಿಲ್ಲವೆಂಬ ವಾದಕ್ಕೆ ಅಂದು ಮನ್ನಣೆ ಸಿಕ್ಕಿತು.

ಗಡಿನಾಡಿನ ಕನ್ನಡಿಗರಿಗೆ ಇದು ಇಮ್ಮಡಿ ಮುಖ್ಯ. ಊರಿನ ಹಿರಿಯರಲ್ಲಿ ಹಲವರಿಗೆ ಇಂಗ್ಲಿಷ್ ಓದಲು ಬಾರದು, ಮಲಯಾಳದ ಕಚೇರಿ ಭಾಷೆಯೂ ಕಷ್ಟ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಹಕ್ಕನ್ನು ಬಳಸಿ ಒಂದು ಅರ್ಜಿ ಬರೆಯಬೇಕಾದರೆ ವಿಷಯ ತಿಳಿದಿರಬೇಕು. ಕೋರೆಯ ವರದಿಯಲ್ಲಿ ಅಂತರ್ಜಲದ ಬಗ್ಗೆ ಏನು ಬರೆದಿದೆ, ಹತ್ತಿರದ ಸುರಂಗಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ, ಯಾವ ತಿಂಗಳಲ್ಲಿ ನೀರು ಅಳೆದಿದ್ದಾರೆ ಎಂದು ಓದಿ, ಅದನ್ನು ಚಾವಡಿಯಲ್ಲಿ ಕುಳಿತವರಿಗೆ ಕನ್ನಡದಲ್ಲಿ ಹೇಳಬಲ್ಲ ಒಬ್ಬರು ಪ್ರತಿ ಪಂಚಾಯತಿನಲ್ಲಿ ಇರಬೇಕು. ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ರಚನೆಯಾಗುವ ಜೀವವೈವಿಧ್ಯ ನಿರ್ವಹಣಾ ಸಮಿತಿ ಊರಿನ ಗಿಡಮರ, ಪ್ರಾಣಿಪಕ್ಷಿ, ನಾಟಿ ತಿಳಿವಳಿಕೆಗಳ ದಾಖಲೆಯನ್ನು ಸಿದ್ಧಪಡಿಸಬೇಕು. ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಮಹಿಳೆಯರ ಕೆಲಸಕ್ಕೂ ವ್ಯವಸ್ಥೆ, ಲೆಕ್ಕ, ಸುರಕ್ಷತೆಗಳ ಅರಿವು ಬೇಕು. ಕನ್ನಡವನ್ನೂ ವಿಷಯವನ್ನೂ ಬಲ್ಲವರಿಗೆ ಇಲ್ಲೆಲ್ಲ ಕೆಲಸವಿದೆ.

ಇವುಗಳಲ್ಲಿ ಎಷ್ಟಕ್ಕೆ ಸಂಬಳವಿದೆ ಎಂದು ಕೇಳಿದರೆ ಉತ್ತರ ಅಷ್ಟು ಹಿತಕರವಲ್ಲ. ಪರಿಸರ ನಿರ್ವಹಣೆಯ ಪದವಿ ಪಡೆದ ಮಾತ್ರಕ್ಕೆ ನೌಕರಿ ಮನೆಬಾಗಿಲಿಗೆ ಬರುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ತಾಂತ್ರಿಕ ಹುದ್ದೆಗಳು ಎಂಜಿನಿಯರಿಂಗ್ ಇಲ್ಲವೇ ವಿಜ್ಞಾನ ಪದವಿ ಬೇಡುತ್ತವೆ. ಈಗಿರುವ ಕೆಲಸದಲ್ಲಿ ಈ ವಿದ್ಯೆ ಎಲ್ಲಿ ಬಳಕೆಗೆ ಬರುತ್ತದೆ ಎಂದು ಮೊದಲೇ ಯೋಚಿಸಿದವರಿಗೆ ಅದು ಫಲ ಕೊಡುತ್ತದೆ. ಲೆಕ್ಕಪತ್ರ ಬಲ್ಲವರು ಸಂಸ್ಥೆಯ ವಿದ್ಯುತ್, ನೀರು, ತ್ಯಾಜ್ಯಗಳ ಲೆಕ್ಕ ಬಲ್ಲವರಾದರೆ ಅವರ ಬೆಲೆ ಹೆಚ್ಚುತ್ತದೆ. ಶಾಲಾ ಶಿಕ್ಷಕರು, ಪಂಚಾಯತು ನೌಕರರು, ಸಹಕಾರಿ ಸಂಘದವರು ತಮ್ಮ ತಮ್ಮ ಸ್ಥಾನದಲ್ಲಿಯೇ ಇದನ್ನು ಉಪಯೋಗಿಸಬಲ್ಲರು. ಸಾಲ ಮಾಡಿ ದುಬಾರಿ ಶುಲ್ಕ ಕಟ್ಟುವ ಮೊದಲು ಈ ಲೆಕ್ಕವನ್ನು ಮನೆಯಲ್ಲಿ ಎಲ್ಲರೂ ಸೇರಿ ಹಾಕಬೇಕು.

ಮನೆಯ ಸಹಕಾರ ಎಂದರೆ ಹೊಗಳಿಕೆಯ ಮಾತಲ್ಲ, ಬಿಟ್ಟುಕೊಡುವ ಗಂಟೆಗಳು. ವಾರದ ಮೂರು ರಾತ್ರಿ ಅಡುಗೆಮನೆಯ ಕೊನೆಯ ಕೆಲಸವನ್ನು ಬೇರೆಯವರು ವಹಿಸಿಕೊಂಡರೆ ಮೂರು ಗಂಟೆ ಸಿಗುತ್ತದೆ. ಆ ಹೊತ್ತಿನಲ್ಲಿ ಟಿ.ವಿ. ಆರಿಸಿ, ತಾಯಿಯ ಪಕ್ಕದಲ್ಲಿಯೇ ಮಗುವಿನ ಮನೆಪಾಠ ನಡೆದರೆ ಮೇಜು ಒಂದೇ ಸಾಕು. ದುಡಿದು ಬಂದ ತಾಯಿ ಓದಲು ಕುಳಿತುಕೊಳ್ಳುವುದನ್ನು ಕಂಡ ಮಗುವಿಗೆ ಓದು ಎಂಬುದು ಪರೀಕ್ಷೆಗೆ ಮುಗಿದುಹೋಗುವ ಶಿಕ್ಷೆಯಾಗಿ ಕಾಣುವುದಿಲ್ಲ.

ಉದಾಹರಣೆಯ ಮನೆಯಲ್ಲಿ ಆ ಮೇಜಿನಿಂದಲೇ ಒಂದು ಅಧ್ಯಯನ ಹುಟ್ಟಿತು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಏಪ್ರಿಲಿಗೆ ನೀರಿನ ಅಭಾವವೇಕೆ ಎಂಬುದು ಯೋಜನಾ ವರದಿಯ ವಿಷಯ. ನೂರು ಚದರ ಮೀಟರಿನ ಒಂದು ಮಾಡಿನ ಮೇಲೆ ಅಷ್ಟು ಮಳೆ ಬಿದ್ದರೆ 3 ಲಕ್ಷ ಲೀಟರು ನೀರಾಗುತ್ತದೆ. ಅದು ಎಲ್ಲಿ ಹೋಗುತ್ತದೆ, ಸುರಂಗಕ್ಕೆ ಎಷ್ಟು ಬರುತ್ತದೆ ಎಂದು ತಿಳಿಯಲು ದುಬಾರಿ ಉಪಕರಣ ಬೇಕಾಗಲಿಲ್ಲ. ಹತ್ತು ಲೀಟರಿನ ಒಂದು ಬಕೆಟು, ಸೆಕೆಂಡು ತೋರಿಸುವ ಒಂದು ಗಡಿಯಾರ. ಡಿಸೆಂಬರಿನಲ್ಲಿ ಬಕೆಟು 40 ಸೆಕೆಂಡಿಗೆ ತುಂಬಿದರೆ ಸುರಂಗ ದಿನಕ್ಕೆ 21,600 ಲೀಟರು ಕೊಡುತ್ತಿದೆಯೆಂದು ಲೆಕ್ಕ. ಏಪ್ರಿಲಿನಲ್ಲಿ 120 ಸೆಕೆಂಡು ಹಿಡಿದರೆ ಅದು 7,200 ಲೀಟರಿಗೆ ಇಳಿಯಿತು. ಜಲಜೀವನ ಮಿಷನ್ ಗ್ರಾಮೀಣ ಮನೆಗಳಿಗೆ ಗೊತ್ತುಪಡಿಸಿದ ಪ್ರಮಾಣ ದಿನಕ್ಕೆ ತಲಾ 55 ಲೀಟರು. ಆರು ಮಂದಿಯ ಮನೆಗೆ 330 ಲೀಟರು. ಕುಡಿಯಲು ಏಪ್ರಿಲಿನಲ್ಲಿಯೂ ಬೇಕಾದಷ್ಟಿದೆ, ಕೊರತೆ ಇರುವುದು ತೋಟಕ್ಕೆ ಎಂಬುದು ಅಂಕಿಗಳಿಂದ ತಿಳಿಯುತ್ತದೆ. ಗುಡ್ಡದ ಮೇಲಿನ ಮದಕದ ಹೂಳು ತೆಗೆದು ಮಳೆಯನ್ನು ಇಂಗಿಸಿದ ಮೇಲೆ ಬರುವ ವರ್ಷದ ಏಪ್ರಿಲಿನಲ್ಲಿ ಬಕೆಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ನೋಡುವುದು ಮುಂದಿನ ಹೆಜ್ಜೆ. ಯೋಜಿಸು, ಮಾಡು, ಪರಿಶೀಲಿಸು, ತಿದ್ದು.

ಪ್ರತಿ ಭಾನುವಾರ ಬೆಳಗ್ಗೆ ಅಳೆಯುವ ಕೆಲಸ ನಾಲ್ಕನೆಯ ತರಗತಿಯ ಹುಡುಗಿಯದು. ತಾರೀಕು, ಸೆಕೆಂಡು, ಹಿಂದಿನ ವಾರ ಮಳೆ ಬಂತೋ ಇಲ್ಲವೋ ಇಷ್ಟನ್ನೂ ಕನ್ನಡದಲ್ಲಿ ಬರೆದಿಡುತ್ತಾಳೆ. ಬರವಣಿಗೆ ದುಂಡಗಿದೆ, ಕಾಗುಣಿತದ ತಪ್ಪು ಇಲ್ಲ. ತಾಯಿ ಅದನ್ನು ರಾತ್ರಿ ಇಂಗ್ಲಿಷಿನ ಕೋಷ್ಟಕಕ್ಕೆ ಇಳಿಸಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಪರಿಸರ ಓದಿ ಏನು ಪ್ರಯೋಜನವೆಂದು ಕೇಳಿದ್ದ ಅಜ್ಜ ಈಗ ಆ ಪ್ರಶ್ನೆ ಎತ್ತುವುದಿಲ್ಲ. ಭಾನುವಾರ ಕಾಫಿ ಕುಡಿದು ಲೋಟ ಕೆಳಗಿಡುತ್ತ ಮೊಮ್ಮಗಳನ್ನು ಕೇಳುವುದು ಇಷ್ಟೇ: "ಇವತ್ತು ಎಷ್ಟು ಸೆಕೆಂಡು ಮಗಾ?"